ಮೊಲ ದಿಢೀರನೆ ತಿನ್ನುವುದನ್ನು ನಿಲ್ಲಿಸಿದರೆ
ಮೊಲದ ಕರುಳು ಸದಾ ಚಲಿಸುತ್ತಲೇ ಇರಬೇಕಾದ್ದರಿಂದ, ಅದು 10ರಿಂದ 12 ಗಂಟೆ ಏನನ್ನೂ ತಿನ್ನದೆ, ಹಿಕ್ಕೆಯನ್ನೂ ಹಾಕದೆ ಇದ್ದರೆ ಅದನ್ನು ತುರ್ತು ಸ್ಥಿತಿಯೆಂದೇ ಪರಿಗಣಿಸಬೇಕು. ನಾಳೆ ನೋಡೋಣವೆಂದು ಕಾಯುವುದು ನಿಜಕ್ಕೂ ಅಪಾಯಕರ. ಮೊಲಗಳ ಚಿಕಿತ್ಸೆಯಲ್ಲಿ ಅನುಭವವಿರುವ ಪಶುವೈದ್ಯರಿಗೆ ಕೂಡಲೇ ಕರೆ ಮಾಡಿ, ಕೊನೆಯ ಬಾರಿ ಯಾವಾಗ ತಿಂದಿತು, ಹಿಕ್ಕೆ ಚಿಕ್ಕದಾಗಿದೆಯೇ, ಹಲ್ಲು ಕಡಿಯುತ್ತಾ ಮುದುಡಿ ಕುಳಿತಿದೆಯೇ ಎಂಬುದನ್ನು ತಿಳಿಸಿ. ಹೊಟ್ಟೆ ಉಬ್ಬಿ ಗಟ್ಟಿಯಾಗಿದ್ದರೆ ಅಥವಾ ಕಿವಿಗಳು ತಣ್ಣಗಾಗಿದ್ದರೆ ಒಂದು ಕ್ಷಣವೂ ತಡಮಾಡಬಾರದು.

ಮೊಲಕ್ಕೆ ವಾಂತಿ ಮಾಡಲು ಸಾಧ್ಯವಿಲ್ಲ. ಕರುಳಿನಲ್ಲಿ ತಡೆಯಿದ್ದಾಗ ಬಲವಂತವಾಗಿ ಉಣಿಸಿದರೆ ಹಾನಿಯೇ ಹೆಚ್ಚಾಗುವುದರಿಂದ, ಸಿರಿಂಜಿನಿಂದ ಆಹಾರ ಕೊಡುವ ಮುನ್ನ ವೈದ್ಯರನ್ನು ಕೇಳಿ. ಮನೆಯಲ್ಲಿರುವ ಮನುಷ್ಯರ ಔಷಧಿಗಳನ್ನಂತೂ ಕೊಡಲೇಬೇಡಿ, ಏಕೆಂದರೆ ಬಾಯಿಯ ಮೂಲಕ ಕೊಟ್ಟ ಅಮಾಕ್ಸಿಸಿಲಿನ್ ಎಂಬ ಆ್ಯಂಟಿಬಯಾಟಿಕ್ ಮೊಲಕ್ಕೆ ಮಾರಕವಾಗಬಲ್ಲದು. ಪ್ರಯಾಣದಲ್ಲಿ ಅದನ್ನು ಬೆಚ್ಚಗಿಟ್ಟು, ಒಣಹುಲ್ಲನ್ನೂ ನೀರನ್ನೂ ಎಟುಕುವಂತಿರಿಸಿ. ಹಲ್ಲುನೋವೇ ಮೂಲ ಕಾರಣವಾಗಿರಬಹುದಾದ್ದರಿಂದ ಬಾಯಿಯ ಹಿಂಭಾಗವನ್ನೂ ಪರೀಕ್ಷಿಸುವಂತೆ ವೈದ್ಯರನ್ನು ಕೋರಿ.