ಮಾತಾಡಿದರೆ ಬಾಯಿ ಬಿಡುವ ಗೊಂಬೆ: ಲೈವ್ ಸ್ಟ್ರೀಮ್‌ಗೆ ಅವತಾರ್ ಮಾಡಿಕೊಳ್ಳುವುದು ಹೇಗೆ?

ಲೈವ್‌ನಲ್ಲಿ ಮುಖ ತೋರಿಸಲು ಮನಸ್ಸಿಲ್ಲ, ಆದರೆ ಬರೀ ದನಿ ಕೇಳಿಸಿದರೆ ಸ್ಕ್ರೀನ್ ಸಪ್ಪೆ ಅನ್ನಿಸುತ್ತದೆ. ಅಂಥವರಿಗೆ ಪಿಎನ್‌ಜಿಟ್ಯೂಬರ್ ದಾರಿ ಇದೆ, ಅಂದರೆ ನಿಮ್ಮ ದನಿಗೆ ತಕ್ಕಂತೆ ಚಿತ್ರ ಬದಲಾಗುತ್ತಾ ಬಾಯಿ ಆಡಿಸುವ ಗೊಂಬೆ. ಕ್ಯಾಮೆರಾ ಬೇಡ, ಒಂದು ಮೈಕ್ ಮತ್ತು ನಾಲ್ಕು ಚಿತ್ರ ಇದ್ದರೆ ಆಯಿತು. ಲೈವ್‌2ಡಿ ಮಾಡೆಲ್ (ಭಾಗ ಭಾಗವಾಗಿ ಅಲ್ಲಾಡುವ ಚಿತ್ರ) ಮಾಡಿಸಿ ವಿಟ್ಯೂಬ್ ಸ್ಟುಡಿಯೊ ಎಂಬ ಆಪ್‌ನಲ್ಲಿ ಓಡಿಸುವ ದೊಡ್ಡ ದಾರಿಯೂ ಇದೆ, ಅಲ್ಲಿ ಆ, ಇ, ಉ ಎಂದಾಗ ತುಟಿಯ ಆಕಾರವೇ ಬದಲಾಗುವಂತೆ ಮಾಡಬಹುದು. ಆದರೆ ಮಾಡೆಲ್ ರಿಗ್ ಮಾಡುವುದೇ, ಅಂದರೆ ಅದರ ಭಾಗಗಳು ಅಲ್ಲಾಡುವಂತೆ ಜೋಡಿಸುವುದೇ, ಒಂದು ಬೇರೆ ಕಸುಬು. ಮೊದಲು ಪಿಎನ್‌ಜಿಟ್ಯೂಬರ್ ಮಾಡಿ ನೋಡಿ, ಆಮೇಲೆ ಅದರ ಯೋಚನೆ.

ನಾಲ್ಕು ಚಿತ್ರ ಯಾವುವು ಅಂದರೆ: ಕಣ್ಣು ತೆರೆದು ಬಾಯಿ ಮುಚ್ಚಿದ್ದು, ಕಣ್ಣು ತೆರೆದು ಬಾಯಿ ತೆರೆದಿದ್ದು, ಇದೇ ಎರಡು ಮತ್ತೆ ಕಣ್ಣು ಮುಚ್ಚಿಕೊಂಡು. ಕೊನೆಯ ಎರಡು ರೆಪ್ಪೆ ಬಡಿಯುವುದಕ್ಕೆ. ರೆಪ್ಪೆ ಬಡಿಯದ ಗೊಂಬೆಯನ್ನು ಒಂದು ಗಂಟೆ ನೋಡುತ್ತಾ ಕೂತರೆ ಯಾರಿಗಾದರೂ ಸ್ವಲ್ಪ ಭಯ ಆಗುತ್ತದೆ ಅಲ್ವಾ? ನಾಲ್ಕನ್ನೂ ಬೇರೆ ಬೇರೆ ಬರೆಯಬೇಡಿ. ಕ್ರೀಟಾದಂಥ ಉಚಿತ ಆಪ್‌ನಲ್ಲಿ ಒಂದೇ ಕ್ಯಾನ್ವಾಸ್ ಮೇಲೆ ಮೈ ಒಂದು ಲೇಯರ್, ಕಣ್ಣು ಎರಡು, ಬಾಯಿ ಎರಡು ಬರೆದುಕೊಳ್ಳಿ. ಬೇಕಾದ್ದನ್ನು ತೋರಿಸಿ, ಬೇಡದ್ದನ್ನು ಮರೆಮಾಡಿ, ಒಂದೊಂದಾಗಿ ಪಿಎನ್‌ಜಿ ಆಗಿ ಎಕ್ಸ್‌ಪೋರ್ಟ್ ಮಾಡಿ. ಹಿನ್ನೆಲೆ ಪಾರದರ್ಶಕ ಇರಲಿ. ಎಕ್ಸ್‌ಪೋರ್ಟ್ ಮಾಡುವಾಗ ಕ್ರಾಪ್ ಮಾತ್ರ ಮಾಡಬೇಡಿ, ಯಾಕಂದರೆ ನಾಲ್ಕರ ಅಳತೆ ಒಂದೇ ಇಲ್ಲದಿದ್ದರೆ ಪ್ರತಿ ಮಾತಿಗೂ ಇಡೀ ತಲೆ ಪಕ್ಕಕ್ಕೆ ಎಗರುತ್ತದೆ. ಬಾಯಿಯನ್ನು ಸ್ವಲ್ಪ ದೊಡ್ಡದಾಗಿಯೇ ಬರೆಯಿರಿ, ಸ್ಟ್ರೀಮ್‌ನ ಮೂಲೆಯಲ್ಲಿ ಅದು ಚುಕ್ಕಿಯಷ್ಟು ಕಾಣುತ್ತದೆ.

ಚಿತ್ರಗಳನ್ನು ವಿಯಾಡೊಟ್ಯೂಬ್ ಮಿನಿ ಎಂಬ ಆಪ್‌ಗೆ ಹಾಕಿ. ಇದು ಉಚಿತ, ಹಗುರ, ಇಂಥ ಗೊಂಬೆಗೆ ಬೇಕಾದ್ದೆಲ್ಲ ಇದೆ. ಮೈಕ್ ಆರಿಸಿ, ಹಿನ್ನೆಲೆಯನ್ನು ಪಾರದರ್ಶಕ ಮಾಡಿ. ವಿಂಡೋಸ್ ಆದರೆ ಓಬಿಎಸ್‌ನಲ್ಲಿ (ಲೈವ್ ಕಳಿಸುವ, ರೆಕಾರ್ಡ್ ಮಾಡುವ ಉಚಿತ ಆಪ್) ಗೇಮ್ ಕ್ಯಾಪ್ಚರ್ ಸೋರ್ಸ್ ಸೇರಿಸಿ, ಈ ವಿಂಡೋ ಆರಿಸಿ, ಅಲೋ ಟ್ರಾನ್ಸ್‌ಪರೆನ್ಸಿಗೆ ಟಿಕ್ ಹಾಕಿ. ಅದು ಕೈಕೊಟ್ಟರೆ ಹಿನ್ನೆಲೆಯನ್ನು ಹಸಿರು ಮಾಡಿ ವಿಂಡೋ ಕ್ಯಾಪ್ಚರ್ ಬಳಸಿ, ಒಂದು ಬಣ್ಣವನ್ನು ಮಾಯ ಮಾಡುವ ಕ್ರೋಮಾ ಕೀ ಫಿಲ್ಟರ್‌ನಲ್ಲಿ ಹಸಿರು ತೆಗೆದುಬಿಡಿ. ಆಗ ಗೊಂಬೆಯ ಬಟ್ಟೆ ಹಸಿರು ಇರಬಾರದು ಅನ್ನುವುದು ಹೇಳಬೇಕಾಗಿಲ್ಲ. ಆಪ್ ಬೇರೆ ವಿಂಡೋಗಳ ಹಿಂದೆ ಇದ್ದರೆ ಪರವಾಗಿಲ್ಲ, ಮಿನಿಮೈಸ್ ಮಾತ್ರ ಮಾಡಬೇಡಿ.

ಇಲ್ಲಿಯವರೆಗೆ ಸುಲಭ. ಗೊಂಬೆ ಜೀವಂತ ಅನ್ನಿಸುವುದೋ ಇಲ್ಲವೋ ಅನ್ನುವುದು ಚಿತ್ರದ ಅಂದಕ್ಕಿಂತ ಜಾಸ್ತಿ ಥ್ರೆಶೋಲ್ಡ್ ಮೇಲೆ ನಿಂತಿದೆ. ದನಿ ಎಷ್ಟು ಜೋರಾದರೆ ಬಾಯಿ ತೆರೆಯಬೇಕು ಅನ್ನುವ ಗೆರೆ ಅದು. ಎಲ್ಲರೂ ಮಾಡುವುದೇನು? ಮೈಕ್ ಮುಂದೆ "ಹಲೋ ಹಲೋ" ಅಂತ ಜೋರಾಗಿ ಹೇಳಿ, ಬಾಯಿ ಅಲ್ಲಾಡಿತು, ಸರಿ ಹೋಯ್ತು ಅಂತ ಎದ್ದುಬಿಡುತ್ತಾರೆ. ಆಮೇಲೆ ನಿಜವಾಗಿ ಮಾತಾಡುವಾಗ ಗೊಂಬೆ ಅರ್ಧ ವಾಕ್ಯಕ್ಕೇ ಬಾಯಿ ಮುಚ್ಚುತ್ತದೆ. ನಮ್ಮ ಮಾತಿನಲ್ಲಿ ಕ್ರಿಯಾಪದ ಬರುವುದು ಕೊನೆಗೆ, ದನಿ ಇಳಿಯುವುದೂ ಅಲ್ಲೇ. "ಈಗ ಮುಂದಿನ ಲೆವೆಲ್‌ಗೆ ಹೋಗ್ತಾ ಇದ್ದೀನಿ" ಅಂತ ಹೇಳಿ ನೋಡಿ, "ಇದ್ದೀನಿ" ಬರುವ ಹೊತ್ತಿಗೆ ಉಸಿರು ಕಮ್ಮಿಯಾಗಿರುತ್ತದೆ. ಗೆರೆ ಇಡಬೇಕಾದ್ದು ಆ ಇಳಿದ ದನಿಗಿಂತ ಸ್ವಲ್ಪ ಕೆಳಗೆ, ಕೋಣೆಯ ಸದ್ದಿಗಿಂತ ಸ್ವಲ್ಪ ಮೇಲೆ. ಮೊದಲು ಸುಮ್ಮನೆ ಕೂತು ಫ್ಯಾನ್ ಮತ್ತು ಕೀಬೋರ್ಡ್ ಸದ್ದಿಗೆ ಮೀಟರ್ ಎಲ್ಲಿಯವರೆಗೆ ಏರುತ್ತದೆ ನೋಡಿ, ಆಮೇಲೆ ಎರಡು ನಿಮಿಷ ಮಾಮೂಲಿ ಹರಟೆಯ ದನಿಯಲ್ಲಿ ಮಾತಾಡಿ ಪ್ರತಿ ವಾಕ್ಯದ ಬಾಲ ಎಲ್ಲಿಗೆ ಬೀಳುತ್ತದೆ ನೋಡಿ. ಎರಡರ ನಡುವೆ ಜಾಗವೇ ಇಲ್ಲ ಅಂದರೆ ಸ್ಲೈಡರ್ ಎಷ್ಟು ಎಳೆದರೂ ಉಪಯೋಗ ಇಲ್ಲ. ಮೈಕನ್ನು ಬಾಯಿಯ ಹತ್ತಿರ ತನ್ನಿ, ಗೇನ್ (ಮೈಕ್ ದನಿಯನ್ನು ಹಿಗ್ಗಿಸುವ ಮಟ್ಟ) ಕಮ್ಮಿ ಮಾಡಿ. ಹತ್ತಿರ ಬಂದಷ್ಟೂ ದನಿಗೂ ಗದ್ದಲಕ್ಕೂ ಅಂತರ ಜಾಸ್ತಿಯಾಗುತ್ತದೆ. ಸ್ಪೀಕರ್ ಬೇಡ, ಹೆಡ್‌ಫೋನ್ ಹಾಕಿ, ಇಲ್ಲದಿದ್ದರೆ ಗೇಮ್‌ನಲ್ಲಿ ಬಾಂಬ್ ಸಿಡಿದಾಗಲೆಲ್ಲ ನಿಮ್ಮ ಗೊಂಬೆಯೂ ಬಾಯಿ ಬಿಡುತ್ತದೆ.

ಇನ್ನೊಂದು ವಿಷಯ ಬಹಳ ಜನರಿಗೆ ಹೊಳೆಯುವುದೇ ಇಲ್ಲ. ಓಬಿಎಸ್‌ನಲ್ಲಿ ನೀವು ಹಾಕಿದ ನಾಯ್ಸ್ ಸಪ್ರೆಷನ್ (ಗದ್ದಲ ಕಮ್ಮಿ ಮಾಡುವ ಫಿಲ್ಟರ್), ನಾಯ್ಸ್ ಗೇಟ್ (ದನಿ ಒಂದು ಮಟ್ಟಕ್ಕಿಂತ ಇಳಿದರೆ ಮೈಕ್ ಮುಚ್ಚುವ ಫಿಲ್ಟರ್) ಯಾವುದೂ ಗೊಂಬೆಗೆ ತಲುಪುವುದಿಲ್ಲ. ಆ ಆಪ್ ಮೈಕನ್ನು ನೇರವಾಗಿ ಕೇಳಿಸಿಕೊಳ್ಳುತ್ತದೆ. ನೋಡುವವರಿಗೆ ಕೀಬೋರ್ಡ್ ಸದ್ದು ಕೇಳಿಸದಿದ್ದರೂ ಗೊಂಬೆ ಟಕಟಕ ಬಾಯಿ ಆಡಿಸುತ್ತಿರುತ್ತದೆ. ಬೇಕಾದರೆ ವಿಬಿ ಕೇಬಲ್ ಹಾಕಿಕೊಳ್ಳಿ, ಇದು ಒಂದು ಆಪ್‌ನ ಸದ್ದನ್ನು ಇನ್ನೊಂದಕ್ಕೆ ಮೈಕ್‌ನಂತೆ ಕೊಡುವ ಸಾಫ್ಟ್‌ವೇರ್. ಓಬಿಎಸ್‌ನ ಆಡಿಯೋ ಸೆಟ್ಟಿಂಗ್ಸ್‌ನಲ್ಲಿ ಮಾನಿಟರಿಂಗ್ ಡಿವೈಸ್ ಕೇಬಲ್ ಇನ್‌ಪುಟ್ ಆಗಿರಲಿ, ಅಡ್ವಾನ್ಸ್ಡ್ ಆಡಿಯೋ ಪ್ರಾಪರ್ಟೀಸ್‌ನಲ್ಲಿ ಮೈಕ್‌ಗೆ ಮಾನಿಟರ್ ಅಂಡ್ ಔಟ್‌ಪುಟ್ ಕೊಡಿ, ಗೊಂಬೆಯ ಆಪ್‌ನಲ್ಲಿ ಕೇಬಲ್ ಔಟ್‌ಪುಟ್ ಅನ್ನು ಮೈಕ್ ಆಗಿ ಆರಿಸಿ. ಈಗ ಅದಕ್ಕೂ ಶುದ್ಧವಾದ ದನಿಯೇ ಸಿಗುತ್ತದೆ. ಗೇಟ್ ಹಾಕಿದರೆ ಅಲ್ಲೂ ಅದೇ ಲೆಕ್ಕ: ಓಬಿಎಸ್ ತಾನಾಗಿ ಇಡುವ -26 ಡೆಸಿಬೆಲ್‌ಗೆ ತೆರೆದು -32ಕ್ಕೆ ಮುಚ್ಚುವ ಅಳತೆ ಮೆಲ್ಲನೆ ಮಾತಾಡುವವರ ಬಾಲವನ್ನು ಕತ್ತರಿಸಿಬಿಡಬಹುದು.

ದನಿಗೂ ಬಾಯಿಗೂ ತಾಳ ತಪ್ಪುತ್ತಿದ್ದರೆ ಒಂದು ರೆಕಾರ್ಡಿಂಗ್ ಮಾಡಿ, ಮೈಕ್ ಮುಂದೆ ಒಂದು ಚಪ್ಪಾಳೆ ತಟ್ಟಿ, ವಿಡಿಯೋ ಎಡಿಟರ್‌ನಲ್ಲಿ ಒಂದೊಂದೇ ಫ್ರೇಮ್ ಸರಿಸಿ ನೋಡಿ. 30 ಎಫ್‌ಪಿಎಸ್‌ನಲ್ಲಿ (ಸೆಕೆಂಡಿಗೆ 30 ಫ್ರೇಮ್) ಒಂದು ಫ್ರೇಮ್ ಅಂದರೆ ಸುಮಾರು 33 ಮಿಲಿಸೆಕೆಂಡ್. ಬಾಯಿ ಮೂರು ಫ್ರೇಮ್ ತಡವಾಗಿ ತೆರೆದರೆ ಓಬಿಎಸ್‌ನ ಅಡ್ವಾನ್ಸ್ಡ್ ಆಡಿಯೋ ಪ್ರಾಪರ್ಟೀಸ್‌ನಲ್ಲಿ ಮೈಕ್‌ನ ಸಿಂಕ್ ಆಫ್‌ಸೆಟ್‌ಗೆ 100 ಹಾಕಿ, ದನಿಯೂ ಅಷ್ಟೇ ಮಿಲಿಸೆಕೆಂಡ್ ತಡವಾಗುತ್ತದೆ. ಬಾಯಿಯೇ ಮುಂಚೆ ತೆರೆದರೆ ಗೊಂಬೆಯ ಸೋರ್ಸ್‌ಗೆ ಚಿತ್ರವನ್ನು ತಡ ಮಾಡುವ ರೆಂಡರ್ ಡಿಲೇ ಫಿಲ್ಟರ್ ಹಾಕಿ.

ಸಿಟ್ಟು, ನಗು, ಅಳು ಅಂತ ಬೇರೆ ಬೇರೆ ಮುಖ ಮಾಡಿ ಕೀಲಿಗೆ ಕಟ್ಟಿಕೊಳ್ಳಬಹುದು, ಎರಡೋ ಮೂರೋ ಸಾಕು, ಜಾಸ್ತಿ ಮಾಡಿದರೆ ಗೇಮ್ ನಡುವೆ ಯಾವ ಕೀಲಿ ಯಾವುದು ಅಂತ ನೆನಪಿರುವುದಿಲ್ಲ. ಕುಣಿಯುವ ಎಫೆಕ್ಟ್ ಕಮ್ಮಿ ಇಡಿ, ಪ್ರತಿ ಮಾತಿಗೂ ಎಗರುವ ಗೊಂಬೆ ನೋಡಿದರೆ ತಲೆನೋವು ಬರುತ್ತದೆ.

ಲೈವ್‌ಗೆ ಹೋಗುವ ಮೊದಲು ಮ್ಯೂಟ್ ಪರೀಕ್ಷೆ ಮಾಡಿ. ಗೊಂಬೆ ಮೈಕನ್ನು ನೇರವಾಗಿ ಕೇಳುತ್ತಿದ್ದರೆ, ಓಬಿಎಸ್‌ನಲ್ಲಿ ಮ್ಯೂಟ್ ಒತ್ತಿ ನೀವು ಫೋನ್‌ನಲ್ಲಿ ಯಾರ ಜೊತೆಗೋ ಮಾತಾಡುವಾಗ ಅದು ಸದ್ದಿಲ್ಲದೆ ಬಾಯಿ ಆಡಿಸುತ್ತಾ ಕೂರುತ್ತದೆ. ಮೈಕ್ ಮೇಲೇ ಮ್ಯೂಟ್ ಬಟನ್ ಇದ್ದರೆ ಅದನ್ನೇ ಒತ್ತಿ. ವಿಬಿ ಕೇಬಲ್ ಮೂಲಕ ಕಳಿಸುತ್ತಿದ್ದರೆ ಓಬಿಎಸ್ ಮ್ಯೂಟ್ ಒಂದೇ ಸಾಕು, ಗೊಂಬೆಯೂ ಸುಮ್ಮನಾಗುತ್ತದೆ.