ಕನಕಾಂಬರದ ಸೊರಗಿಗೆ ಚೆಂಡು ಹೂವಿನ ಮದ್ದು: ನನ್ನ ಅನುಭವ

ತುಮಕೂರು ಕಡೆಯ ನಮ್ಮ 15 ಗುಂಟೆ ಕೆಂಪು ಮಣ್ಣಿನಲ್ಲಿ ಕನಕಾಂಬರ ಎರಡನೆಯ ವರ್ಷವೂ ಸೊರಗದೆ ನಿಂತಿದೆ. ಚೆಂಡು ಹೂವು ಹಾಕಿ ಒಂದು ಹಂಗಾಮು ಹಾಳುಮಾಡಿಕೊಂಡ ಎಂದು ಆಡಿಕೊಂಡವರೇ ಈಗ ಬಂದು ಬೇರು ಕಿತ್ತು ನೋಡುತ್ತಿರುವುದರಿಂದ ನಡೆದದ್ದನ್ನು ಬರೆದಿಡುತ್ತಿದ್ದೇನೆ.

ಹಿಂದಿನ ತೋಟ ನಾಟಿಯಾದ 7ನೆಯ ತಿಂಗಳಿಗೆ ಅಲ್ಲಲ್ಲಿ ತೇಪೆ ಹಾಕಿದಂತೆ ಕೆಟ್ಟಿತು. ಎಲೆ ಬಿಳಿಚಿಕೊಂಡು, ಅಂಚು ನಸುಗೆಂಪಾಗಿ ಕಂದಿ, 8–10 ದಿನಗಳಲ್ಲಿ ಗಿಡ ಜೋತುಬಿದ್ದು ಒಣಗುತ್ತಿತ್ತು. ನೀರು ಸಾಲದೆಂದು ಬಗೆದು ಇನ್ನಷ್ಟು ನೀರು ಹಾಯಿಸಿದೆ, ಸಾವು ಹೆಚ್ಚಿತು. ಶಿಲೀಂಧ್ರನಾಶಕಗಳಾದ ಕಾರ್ಬೆಂಡಜಿಂ ಅನ್ನು ಲೀಟರಿಗೆ 1 ಗ್ರಾಂನಂತೆ, ಅದು ನಾಟದಿದ್ದಾಗ ಕಾಪರ್ ಆಕ್ಸಿಕ್ಲೋರೈಡ್ ಅನ್ನು 3 ಗ್ರಾಂನಂತೆ ಬುಡಕ್ಕೆ ಸುರಿದೆ. ಪ್ರತಿ ಸಲವೂ ಹದಿನೈದು ದಿನ ತಡೆದು ಮತ್ತೆ ಶುರುವಾಗುತ್ತಿತ್ತು. ಔಷಧಿ, ಕೂಲಿ ಸೇರಿ 18,000 ರೂಪಾಯಿಯಷ್ಟು ಹೋಯಿತು. ಹಬ್ಬದ ಮುನ್ನಾದಿನ ಕೆಜಿಗೆ 800 ರೂಪಾಯಿ ದರವಿದ್ದಾಗ, 2 ಕೆಜಿ ಬರಬೇಕಾದ ಕೊಯ್ಲಿಗೆ ಮುಕ್ಕಾಲು ಕೆಜಿ ಬಂದ ನೋವು ಇನ್ನೂ ಮರೆತಿಲ್ಲ.

ಸುಮಾರು 8,000 ಗಿಡಗಳಲ್ಲಿ 3,000 ಸತ್ತ ಮೇಲೆ, ಸತ್ತವನ್ನು ಬಿಟ್ಟು ತೇಪೆಯ ಅಂಚಿನಲ್ಲಿ ಇನ್ನೂ ಹಸಿರಾಗಿದ್ದ ಗಿಡಗಳನ್ನು ಅಗೆದು ಬೇರು ತೊಳೆದು ನೋಡಿದೆ. ಬೇರಿನಲ್ಲಿ ಗಂಟುಗಳಿರಲಿಲ್ಲ, ಗಂಟಿಲ್ಲದ ಮೇಲೆ ಜಂತುಹುಳು (ಬೇರನ್ನು ತಿನ್ನುವ, ಕಣ್ಣಿಗೆ ಕಾಣದಷ್ಟು ಸಣ್ಣ ಹುಳು, ನೆಮಟೋಡ್) ಇಲ್ಲ ಎಂದೇ ಎಲ್ಲರೂ ಹೇಳುತ್ತಿದ್ದರು. ಆದರೆ ಎಳೆ ಬೇರುಗಳ ಮೇಲೆ ಕಪ್ಪು ಗೀರುಗಳಿದ್ದವು. ಬೇರು, ಮಣ್ಣು ಎರಡನ್ನೂ ಪರೀಕ್ಷೆಗೆ ಕಳುಹಿಸಿದಾಗ ಪ್ರಾಟಿಲೆಂಕಸ್ ಎಂಬ ಜಂತುಹುಳುವೂ ಫ್ಯುಸೇರಿಯಂ ಶಿಲೀಂಧ್ರವೂ ಸಿಕ್ಕವು. ಈ ಹುಳು ಗಂಟು ಕಟ್ಟುವುದಿಲ್ಲ, ಬೇರನ್ನು ಕೊರೆದು ಗಾಯ ಮಾಡುತ್ತದೆ. ಆ ಗಾಯದಲ್ಲಿ ಶಿಲೀಂಧ್ರ ಒಳನುಗ್ಗುತ್ತದೆ. ನಾನು ಒಂದು ವರ್ಷ ಶಿಲೀಂಧ್ರಕ್ಕಷ್ಟೇ ಔಷಧಿ ಹಾಕುತ್ತಿದ್ದೆ.

ಹೊಲವನ್ನು ಪೂರ್ತಿ ಕಿತ್ತು, ಬೇರುಗಳನ್ನು ಆರಿಸಿ ಸುಟ್ಟು, ಈ ಹುಳುವನ್ನು ತಗ್ಗಿಸಲೆಂದು ಜೂನ್ ಕೊನೆಯಲ್ಲಿ ಚೆಂಡು ಹೂವನ್ನು ವಾಡಿಕೆಗಿಂತ ಒತ್ತಾಗಿ, ಒಂದಡಿ ಅಂತರದಲ್ಲಿ ನೆಟ್ಟೆ. ಕಳೆಯನ್ನು ಬಿಟ್ಟರೆ ಹುಳು ಅದರ ಬೇರಿನಲ್ಲೇ ಬದುಕಿ ಉಳಿಯುತ್ತದೆಯಾದ್ದರಿಂದ ಮೂರು ಸಲ ಕಳೆ ತೆಗೆಸಿದೆ, ಇದರಲ್ಲಿ ಮಾತ್ರ ಜಿಪುಣತನ ಕೂಡದು. ಒಂದು ಪಟ್ಟಿಯಲ್ಲಿ ಗಿಡ ಬೆಳೆಸದೆ, ಬೇರೆಡೆಯಿಂದ ತಂದ ಚೆಂಡು ಹೂವಿನ ಸೊಪ್ಪನ್ನಷ್ಟೇ ಮಣ್ಣಿಗೆ ಸೇರಿಸಿ ನೋಡಿದೆ. ಅಲ್ಲಿ ನೆಟ್ಟ ಕನಕಾಂಬರ ಮತ್ತೆ ಸೊರಗಿತು. ಕೆಲಸ ಮಾಡುವುದು ಬೆಳೆಯುತ್ತಿರುವ ಬೇರೇ. ಬೆಳ್ಳುಳ್ಳಿ ಕಷಾಯವನ್ನೂ ಎರಡು ಸಾಲಿಗೆ ಹಾಕಿದ್ದೆ, ವ್ಯತ್ಯಾಸವೇನೂ ಕಾಣಲಿಲ್ಲ.

ದಸರಾ ಮತ್ತು ದೀಪಾವಳಿಗೆ ಸಿಕ್ಕ ಹೂವಿನಲ್ಲಿ ಖರ್ಚು ಕಳೆದು 20,000 ರೂಪಾಯಿಯಷ್ಟು ಉಳಿಯಿತು, ಅಂದರೆ ಹಂಗಾಮೂ ಹಾಳಾಗಲಿಲ್ಲ. ಗಿಡಗಳನ್ನು ಉತ್ತು, ಸಂಕ್ರಾಂತಿ ಕಳೆದ ಮೇಲೆ ಕನಕಾಂಬರ ನೆಟ್ಟೆ. ನಾಟಿಗೆ ಮುನ್ನ 1 ಕ್ವಿಂಟಾಲ್ ಕೊಟ್ಟಿಗೆ ಗೊಬ್ಬರಕ್ಕೆ 10 ಕೆಜಿ ಬೇವಿನ ಹಿಂಡಿ, 2 ಕೆಜಿ ಟ್ರೈಕೋಡರ್ಮಾ (ರೋಗದ ಶಿಲೀಂಧ್ರವನ್ನು ಅಡಗಿಸುವ ಒಳ್ಳೆಯ ಬೂಸು) ಬೆರೆಸಿ, ನೆರಳಿನಲ್ಲಿ ತೇವ ಆರದಂತೆ ಎರಡು ವಾರ ಮುಚ್ಚಿಟ್ಟಿದ್ದೆ. ಈ ಬೂಸು ಬೇಗ ಹರಡಲು ಇನ್ನೊಂದು ವಸ್ತುವನ್ನು ಸೇರಿಸುತ್ತೇನೆ; ಅದು ಸದ್ಯಕ್ಕೆ ನನ್ನಲ್ಲೇ ಇರಲಿ. ನಾನು ನೆಟ್ಟ ದೆಹಲಿ ಕನಕಾಂಬರ ತಳಿ ಬೀಜ ಕಟ್ಟುವುದಿಲ್ಲವಾದ್ದರಿಂದ, ನಾಟಿಯ ಕಡ್ಡಿಗಳನ್ನು ತಾಯಿಗಿಡದ ಬೇರನ್ನು ಅಗೆದು ನೋಡಿದ ನಂತರವೇ ಕತ್ತರಿಸಿಕೊಂಡೆ.

ಸೊಪ್ಪನ್ನಷ್ಟೇ ಸೇರಿಸಿದ ಆ ಪಟ್ಟಿಯನ್ನು ಬಿಟ್ಟರೆ, ಎರಡು ವರ್ಷಗಳಲ್ಲಿ ಸತ್ತ ಗಿಡಗಳು 200 ದಾಟಿಲ್ಲ, ಅವೂ ಬಹುಪಾಲು ನೀರು ನಿಲ್ಲುವ ಕೆಳಗಿನ ಮೂಲೆಯವು.