ಬಳ್ಳಾರಿಯಿಂದ ಜರ್ಮನಿಗೆ: ಹೊರಡುವ ಮುಂಚೆ ಎರಡೂ ಕಡೆಯ ಬದುಕನ್ನು ನಾನು ತೂಗಿ ನೋಡಿದ ಬಗೆ

ತೋರಣಗಲ್ಲು, ಸಂಡೂರು ಕಡೆ ಉಕ್ಕಿನ ಕೆಲಸದಲ್ಲಿರೋರಿಗೆ ಜರ್ಮನಿಯಿಂದ ಆಫರ್ ಬಂತು ಅಂದರೆ ಮನೆಯಲ್ಲಿ ಮೊದಲು ನಡೆಯೋದು ಗುಣಾಕಾರ. ವರ್ಷಕ್ಕೆ 50,000 ಯೂರೋ, ಯೂರೋಗೆ ನೂರು ರೂಪಾಯಿ ಹಿಡಿದರೂ 50 ಲಕ್ಷ. ಈ ಗುಣಾಕಾರದಿಂದ ಏನೂ ಗೊತ್ತಾಗುವುದಿಲ್ಲ. ಸಂಬಳ ಅಲ್ಲಿಯದು, ಅದನ್ನು ಅಳೆಯುವ ಖರ್ಚು ಮಾತ್ರ ಇಲ್ಲಿಯದು. ನಾನು ಹೋಲಿಸಿದ್ದು ಒಂದನ್ನೇ: ಇದೇ ಸಂಸಾರ ಇಲ್ಲಿ ಒಂದು ವರ್ಷ ನಡೆದರೆ ಕೈಯಲ್ಲಿ ಉಳಿಯೋದೆಷ್ಟು, ಅಲ್ಲಿ ನಡೆದರೆ ಎಷ್ಟು.

ಇಲ್ಲಿಯ ಲೆಕ್ಕದಿಂದ ಶುರು ಮಾಡಬೇಕು. ಬ್ಯಾಂಕ್ ಮತ್ತು ಯುಪಿಐ ಸ್ಟೇಟ್‌ಮೆಂಟನ್ನು ಪೂರಾ 12 ತಿಂಗಳಿಗೆ ತೆಗೆಯಬೇಕು, ಮೂರು ತಿಂಗಳದ್ದು ಸಾಲದು. ನಮ್ಮ ಕಡೆ ಖರ್ಚು ತಿಂಗಳಿಗೊಂದೇ ತೂಕದಲ್ಲಿ ಬರುವುದಿಲ್ಲ. ಶಾಲೆಯ ಫೀಸು ಮೇ-ಜೂನ್‌ನಲ್ಲಿ, ವರ್ಷದ ತೊಗರಿ, ಜೋಳ, ಮೆಣಸಿನಕಾಯಿ ಸುಗ್ಗಿಯಲ್ಲಿ, ಮದುವೆ ಮುಯ್ಯಿ ಮುಹೂರ್ತದ ತಿಂಗಳುಗಳಲ್ಲಿ. ಆಮೇಲೆ ಇನ್ನೊಂದು ಪಟ್ಟಿ, ದುಡ್ಡು ಕೊಡದೆ ಸಿಗುವುದರದ್ದು: ಸ್ವಂತ ಮನೆ, ತುಂಗಭದ್ರಾ ಕಾಲುವೆ ಕೆಳಗಿನ ಗದ್ದೆಯಿಂದ ಬರುವ ಅಕ್ಕಿ, ಮಗುವನ್ನು ನೋಡಿಕೊಳ್ಳುವ ಅಜ್ಜಿ, ಗೃಹಜ್ಯೋತಿಯಲ್ಲಿ ಸೊನ್ನೆ ಬರುವ ಜೆಸ್ಕಾಂ ಬಿಲ್ಲು. ಇವಕ್ಕೆಲ್ಲ ಅಲ್ಲಿ ಬೆಲೆ ಇದೆ. ಹೆಂಡತಿಗೆ ಇಲ್ಲಿ ಸಂಬಳವಿದ್ದರೆ ಅದನ್ನೂ ಬರೆಯಬೇಕು. ಬ್ಲೂ ಕಾರ್ಡ್ (ನುರಿತ ಕೆಲಸಗಾರರಿಗೆ ಅಲ್ಲಿ ಕೊಡುವ ವಾಸ-ಕೆಲಸದ ಪರವಾನಗಿ) ಇರುವವರ ಸಂಗಾತಿಗೆ ಕೆಲಸ ಮಾಡಲು ಪರವಾನಗಿ ಸಿಗುತ್ತದೆ, ಆದರೆ ಭಾಷೆ ಬಾರದೆ ಶಾಲೆಯಲ್ಲೋ ಆಸ್ಪತ್ರೆಯಲ್ಲೋ ಕೆಲಸ ಸಿಗುವುದು ಕಷ್ಟ. ಮೊದಲ ಎರಡು ವರ್ಷ ಆ ಸಂಬಳ ಸೊನ್ನೆ ಅಂತಲೇ ನಾನು ಹಿಡಿಯುತ್ತೇನೆ.

ಇನ್ನು ಅಲ್ಲಿಯ ಸಂಬಳ. ಆಫರ್ ಪತ್ರದಲ್ಲಿರೋದು ಗ್ರಾಸ್, ಅಂದರೆ ಕಡಿತಕ್ಕೆ ಮುಂಚಿನ ಮೊತ್ತ. ಅದರ ಮೇಲೆ ಪಿಂಚಣಿಗೆ 18.6%, ನಿರುದ್ಯೋಗ ವಿಮೆಗೆ 2.6%, ಆರೋಗ್ಯ ವಿಮೆಗೆ 14.6% ಮತ್ತು ಆಯಾ ವಿಮಾ ಸಂಸ್ಥೆಯ ಹೆಚ್ಚುವರಿ ದರ, ವೃದ್ಧಾಪ್ಯ ಆರೈಕೆಗೆ ಇನ್ನಷ್ಟು ಹೋಗುತ್ತದೆ. ಹೆಚ್ಚುಕಡಿಮೆ ಅರ್ಧ ಕಂಪನಿಯದು, ಅರ್ಧ ನಮ್ಮದು. ಆದಾಯ ತೆರಿಗೆ ಬೇರೆ. 2025ರ ದರದಲ್ಲಿ 50,000 ಯೂರೋ ಗ್ರಾಸ್‌ಗೆ ಒಂಟಿಯಾಗಿರುವವರ ಕೈಗೆ ತಿಂಗಳಿಗೆ ಸುಮಾರು 2,700 ಯೂರೋ ಬರುತ್ತದೆ. ಮದುವೆಯಾಗಿ, ಸಂಗಾತಿಗೆ ಸಂಬಳವಿಲ್ಲದೆ, ಒಂದು ಮಗು ಇದ್ದರೆ ಕಡಿಮೆ ತೆರಿಗೆಯ ‘ವರ್ಗ 3’ರಲ್ಲಿ ಸುಮಾರು 3,050. ಸಂಸಾರ ಜರ್ಮನಿಗೆ ಬಂದು ನೆಲೆಸುವ ತನಕ ವರ್ಗ 3 ಸಿಗುವುದಿಲ್ಲ. ತಾವು ಮೊದಲು ಹೋಗಿ ಆರು ತಿಂಗಳ ಮೇಲೆ ಮನೆಯವರನ್ನು ಕರೆಸಿಕೊಳ್ಳುವವರು ಅಷ್ಟು ಕಾಲ 2,700ರಲ್ಲೇ ಲೆಕ್ಕ ಹಾಕಬೇಕು.

ಕಳೆದುಹೋದಂತೆ ಕಾಣುವ ಈ ಹಣ ಪೂರ್ತಿ ಹೋಗಿರುವುದಿಲ್ಲ. ಸರ್ಕಾರಿ ಆರೋಗ್ಯ ವಿಮೆಯಲ್ಲಿ ಸಂಬಳವಿಲ್ಲದ ಸಂಗಾತಿ ಮತ್ತು ಮಕ್ಕಳು ಪ್ರತ್ಯೇಕ ಕಂತಿಲ್ಲದೆ ಸೇರುತ್ತಾರೆ. ಚೀಟಿಯಲ್ಲಿ ಬರೆದ ಒಂದೊಂದು ಔಷಧಿಗೆ ಸಾಮಾನ್ಯವಾಗಿ 5ರಿಂದ 10 ಯೂರೋ, ಆಸ್ಪತ್ರೆ ವಾಸಕ್ಕೆ ದಿನಕ್ಕೆ 10 ಯೂರೋ, ಅದೂ ವರ್ಷದಲ್ಲಿ 28 ದಿನಕ್ಕಷ್ಟೇ. ಕಾಯಿಲೆ ಬಿದ್ದರೆ ಆರು ವಾರದ ತನಕ ಕಂಪನಿ ಪೂರ್ತಿ ಸಂಬಳ ಕೊಡಬೇಕು. ಪಿಂಚಣಿ ಸಿಗಲು ಕನಿಷ್ಠ ಐದು ವರ್ಷ ಕಂತು ಕಟ್ಟಿದ ಅವಧಿ ಬೇಕು. 2017ರ ಮೇ 1ರಿಂದ ಜಾರಿಯಲ್ಲಿರುವ ಭಾರತ-ಜರ್ಮನಿ ಸಾಮಾಜಿಕ ಭದ್ರತಾ ಒಪ್ಪಂದದಲ್ಲಿ ಎರಡೂ ದೇಶದ ಅವಧಿಯನ್ನು ಅರ್ಹತೆಗೆ ಕೂಡಿಸಲು ಅವಕಾಶವಿದೆ. ಹಾಗಾಗಿ ಹೊರಡುವಾಗ ಪಿಎಫ್ ಪೂರ್ತಿ ಬಿಡಿಸಿಕೊಳ್ಳುವುದಕ್ಕೆ ಅವಸರ ಬೇಡ.

ಲೆಕ್ಕ ಹೆಚ್ಚಾಗಿ ಕೆಡೋದು ಮನೆಯ ವಿಷಯದಲ್ಲಿ. ಅಲ್ಲಿ ಕೋಣೆ ಎಣಿಸುವಾಗ ಹಾಲ್ ಕೂಡ ಸೇರುತ್ತದೆ, 3 ಕೋಣೆಯ ಮನೆ ಅಂದರೆ ನಮ್ಮ 2 ಬಿಎಚ್‌ಕೆ. ಅಳತೆ ಚದರ ಮೀಟರಿನಲ್ಲಿ. 70 ಚದರ ಮೀಟರ್ ಅಂದರೆ ಸುಮಾರು 750 ಚದರಡಿ. ನಮ್ಮ 30×40 ಸೈಟು 111 ಚದರ ಮೀಟರ್ ಆಗುತ್ತದೆ, ಅಲ್ಲಿಯ ಮನೆ ಎಷ್ಟು ಚಿಕ್ಕದು ಅಂತ ಮನೆಯವರಿಗೆ ಇದರಿಂದ ಅರ್ಥವಾಗುತ್ತದೆ. ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿರೋದು ಕಾಲ್ಟ್‌ಮೀಟೆ, ಬರೀ ಬಾಡಿಗೆ. ಅದಕ್ಕೆ ನೀರು, ಕಸ, ಮೆಟ್ಟಿಲು ಸ್ವಚ್ಛತೆ, ಹೀಟಿಂಗ್ ಸೇರಿದರೆ ವಾರ್ಮ್‌ಮೀಟೆ. ವಿದ್ಯುತ್ತು, ಇಂಟರ್ನೆಟ್ ಆಮೇಲೂ ಹೊರಗೇ. ಹೀಟಿಂಗ್ ಹಣ ಅಂದಾಜಿನ ಕಂತು, ವರ್ಷಕ್ಕೊಮ್ಮೆ ಲೆಕ್ಕ ಚುಕ್ತಾ ಆಗುತ್ತದೆ. 40 ಡಿಗ್ರಿ ಬಿಸಿಲಿಗೆ ಒಗ್ಗಿದ ನಾವು ಮೊದಲ ಚಳಿಗಾಲದಲ್ಲಿ ಹೀಟರ್ ಸದಾ ಜೋರಾಗಿ ಇಟ್ಟುಕೊಂಡರೆ ಮರುವರ್ಷ ನೂರಾರು ಯೂರೋ ಬಾಕಿ ಬಂದು ಕೂರುತ್ತದೆ.

ಅಡುಗೆಮನೆಯ ಬಗ್ಗೆ ಬಿಡಿಸಿ ಹೇಳಬೇಕು. ಎಷ್ಟೋ ಬಾಡಿಗೆ ಮನೆಗಳಲ್ಲಿ ಅಡುಗೆಮನೆ ಅಂದರೆ ನಾಲ್ಕು ಗೋಡೆ, ನೀರಿನ ಪೈಪಿನ ಬಾಯಿ, ಒಲೆಗೆ ಒಂದು ವಿದ್ಯುತ್ ಪಾಯಿಂಟು, ಅಷ್ಟೇ. ಸಿಂಕ್ ಇಲ್ಲ, ಕಪಾಟಿಲ್ಲ, ಒಲೆಯಿಲ್ಲ, ಕೆಲವು ಕಡೆ ದೀಪದ ಹೋಲ್ಡರ್ ಕೂಡ ಇರುವುದಿಲ್ಲ, ವೈರು ನೇತಾಡುತ್ತಿರುತ್ತದೆ. ಹಳೆಯ ಬಾಡಿಗೆದಾರರಿಂದ ಕೊಂಡುಕೊಳ್ಳಬೇಕು ಇಲ್ಲವೇ ಹೊಸದು ಕೂಡಿಸಬೇಕು. ಇದಕ್ಕೆ 2,000 ಯೂರೋ ಎತ್ತಿಟ್ಟಿರಬೇಕು. ಜಾಹೀರಾತಿನಲ್ಲಿ ‘ಐನ್‌ಬೌಕ್ಯೂಶೆ’ ಅಂತಿದ್ದರೆ ಅಡುಗೆಮನೆ ಜೋಡಿಸಿದ್ದೇ ಸಿಗುತ್ತದೆ. ಠೇವಣಿ ಕಾನೂನಿನ ಪ್ರಕಾರ ಹೆಚ್ಚೆಂದರೆ ಮೂರು ತಿಂಗಳ ಕಾಲ್ಟ್‌ಮೀಟೆ, ಅದನ್ನು ಮೂರು ಕಂತಲ್ಲಿ ಕೊಡುವ ಹಕ್ಕೂ ಇದೆ. ಮನೆ ಸೇರಿದ ಎರಡು ವಾರದಲ್ಲಿ ವಿಳಾಸ ನೋಂದಣಿ ಆಗಬೇಕು, ಅದಕ್ಕೆ ಮಾಲೀಕರ ಸಹಿ ಇರುವ ಪತ್ರ ಬೇಕು. ಆ ಪತ್ರ ಕೊಡಲ್ಲ ಅನ್ನುವ ಅಗ್ಗದ ಮನೆ ಬೇಡವೇ ಬೇಡ. ನೋಂದಣಿಯಾಗದೆ ತೆರಿಗೆ ಸಂಖ್ಯೆ ಬರುವುದಿಲ್ಲ, ತೆರಿಗೆ ಸಂಖ್ಯೆ ಇಲ್ಲದ ಸಂಬಳದಲ್ಲಿ ಅತಿ ಹೆಚ್ಚಿನ ವರ್ಗದ ತೆರಿಗೆ ಮುರಿದುಕೊಳ್ಳುತ್ತಾರೆ.

ಸಾಮಾನಿನ ಬೆಲೆಯನ್ನು ಒಂದೊಂದಾಗಿ ಹೋಲಿಸಿದರೆ ದಿಕ್ಕು ತಪ್ಪುತ್ತದೆ. ಯಂತ್ರ ಮಾಡಿದ್ದು ಅಲ್ಲಿ ದುಬಾರಿಯಲ್ಲ: ಹಾಲು, ಗೋಧಿಹಿಟ್ಟು, ಎಣ್ಣೆ, ಸೋಪಿನ ಪುಡಿ, ಬಟ್ಟೆ. ಮನುಷ್ಯನ ಕೈ ಮಾಡಿದ್ದಕ್ಕೆ ಬೆಲೆ ಜಾಸ್ತಿ: ಕಟಿಂಗ್, ಪ್ಲಂಬರ್, ಹೋಟೆಲ್ ಊಟ, ಬೀಗ ತೆಗೆಯುವವನು. ಇಲ್ಲಿ ವಾರಕ್ಕೊಮ್ಮೆ ಹೊರಗೆ ಉಂಡು, ಕಸಮುಸುರೆಗೆ ಹೆಂಗಸರನ್ನು ಇಟ್ಟುಕೊಂಡಿರುವ ಸಂಸಾರಕ್ಕೂ ಎಲ್ಲ ತಾವೇ ಮಾಡಿಕೊಳ್ಳುವ ಸಂಸಾರಕ್ಕೂ ಅಲ್ಲಿಯ ಖರ್ಚು ತೀರ ಬೇರೆ ಬೇರೆ. ವಿಶ್ವಬ್ಯಾಂಕಿನ ಕೊಳ್ಳುವ ಶಕ್ತಿಯ ಲೆಕ್ಕದಲ್ಲಿ ಅಮೆರಿಕದಲ್ಲಿ ಒಂದು ಡಾಲರಿನ ಸಾಮಾನು ಭಾರತದಲ್ಲಿ ಸುಮಾರು 20 ರೂಪಾಯಿಗೆ ಸಿಗುತ್ತದೆ. ಆದರೆ ಅದು ಇಡೀ ದೇಶದ ಸರಾಸರಿ, ಬೆಂಗಳೂರಿನ ಬಾಡಿಗೆಯೂ ಅದರೊಳಗಿದೆ. ಬಳ್ಳಾರಿಯ ಸ್ವಂತ ಮನೆಯವರಿಗೆ ಅದು ಹೊಂದುವುದಿಲ್ಲ.

ಉಕ್ಕಿನ ಊರಾದ ಡೂಯಿಸ್‌ಬರ್ಗ್ ಮತ್ತು ಮ್ಯೂನಿಕ್, ಈ ಎರಡನ್ನು ಪಕ್ಕಪಕ್ಕ ಇಟ್ಟು ನಾನು ಹಾಕಿದ ಲೆಕ್ಕ ಹೀಗಿದೆ. ಎಲ್ಲವೂ ತಿಂಗಳಿಗೆ, ಯೂರೋದಲ್ಲಿ. ಮೂರು ಜನರ ಸಂಸಾರ, ಕೈಗೆ 3,050, ಮಗುವಿನ ಭತ್ಯೆ 255 (2026ರಿಂದ 259), ಒಟ್ಟು ಸುಮಾರು 3,300. ಡೂಯಿಸ್‌ಬರ್ಗ್‌ನಲ್ಲಿ 70 ಚದರ ಮೀಟರಿನ ಮನೆಗೆ ಮೀಟರಿಗೆ 8ರಂತೆ ಬಾಡಿಗೆ 560, ಹೀಟಿಂಗ್ ಇತ್ಯಾದಿ 200. ವಿದ್ಯುತ್ತು 75, ಅಲ್ಲಿ ಒಲೆಯೂ ಸಾಮಾನ್ಯವಾಗಿ ವಿದ್ಯುತ್ತಿನದು. ಟಿವಿ ಇರಲಿ ಬಿಡಲಿ ಮನೆಗೊಂದರಂತೆ ಪ್ರಸಾರ ಶುಲ್ಕ 18.36. ಇಂಟರ್ನೆಟ್, ಮೊಬೈಲ್ 60. ದಿನಸಿ 450. ದೇಶವೆಲ್ಲ ಓಡಾಡುವ ಡಾಯ್ಚ್‌ಲಾಂಡ್ ಟಿಕೆಟ್ 2025ರಲ್ಲಿ 58 ಇದ್ದದ್ದು 2026ರಿಂದ 63, ಇಬ್ಬರಿಗೆ 126. ಚಳಿಬಟ್ಟೆ, ಬೂಟು, ಚಿಕ್ಕಪುಟ್ಟ ವಿಮೆಗೆ 110. ವರ್ಷಕ್ಕೊಮ್ಮೆ ಮೂವರೂ ಊರಿಗೆ ಬಂದುಹೋಗಲು ತಿಂಗಳಿಗೆ 200. ಇತರೆ 200. ಒಟ್ಟು ಸುಮಾರು 2,000, ಉಳಿಕೆ 1,300. ಅದೇ ಸಂಬಳಕ್ಕೆ ಮ್ಯೂನಿಕ್‌ನಲ್ಲಾದರೆ ಬಾಡಿಗೆ ಮೀಟರಿಗೆ 20ರ ಮೇಲೆ. ಮನೆಯೊಂದಕ್ಕೇ 900 ಹೆಚ್ಚು, ಉಳಿಕೆ 400, ಯೂರೋಗೆ ನೂರರಂತೆ 40,000 ರೂಪಾಯಿ. ಬಳ್ಳಾರಿಯಲ್ಲಿ ತಿಂಗಳಿಗೆ ಕೈಗೆ 85,000 ರೂಪಾಯಿ ಬಂದು 40,000 ಉಳಿಸುವ ಸಂಸಾರಕ್ಕೆ ಮ್ಯೂನಿಕ್ ಒಂದು ರೂಪಾಯಿಯನ್ನೂ ಹೆಚ್ಚು ಕೊಡುವುದಿಲ್ಲ, ಡೂಯಿಸ್‌ಬರ್ಗ್ ಮೂರು ಪಟ್ಟು ಕೊಡುತ್ತದೆ. ದೇಶಕ್ಕಿಂತ ಊರು ಮುಖ್ಯ ಅಂತ ನಾನು ಒತ್ತಿ ಹೇಳುವುದು ಇದಕ್ಕೇ. ಕಾಲಿಟ್ಟ ಕೂಡಲೇ ಠೇವಣಿ, ಅಡುಗೆಮನೆ, ಹಾಸಿಗೆ, ಮೊದಲ ಸಂಬಳ ಬರುವವರೆಗಿನ ಖರ್ಚು ಸೇರಿ 5,000ದಿಂದ 6,000 ಯೂರೋ ಕೈಯಲ್ಲಿರಬೇಕು.

ದುಡ್ಡಿಗೆ ಸಿಗದ ಕೆಲವು ಸಂಗತಿಗಳಿವೆ. ಇಲ್ಲಿ ಮಗುವಿಗೆ ಜ್ವರ ಬಂದರೆ ಸಂಜೆಯೊಳಗೆ ತಜ್ಞರಿಗೇ ತೋರಿಸಬಹುದು, ಅಲ್ಲಿ ಚರ್ಮದ ಡಾಕ್ಟರಿಗೂ ಕಣ್ಣಿನ ಡಾಕ್ಟರಿಗೂ ವಾರಗಟ್ಟಲೆ ಕಾಯಬೇಕು. ಡಿಸೆಂಬರಿನಲ್ಲಿ ಹಗಲು ಎಂಟು ಗಂಟೆಯಷ್ಟೇ. ಭಾನುವಾರ ಅಂಗಡಿ ಮುಚ್ಚಿರುತ್ತವೆ. ನಮ್ಮ ಲೈಸೆನ್ಸ್ ಆರು ತಿಂಗಳು ನಡೆಯುತ್ತದೆ, ಆಮೇಲೆ ಬರವಣಿಗೆಯದೂ ಓಡಿಸುವುದೂ ಎರಡೂ ಪರೀಕ್ಷೆ ಪಾಸಾಗಬೇಕು. ಶಿಶುವಿಹಾರಕ್ಕೆ ಒಂದು ವರ್ಷ ತುಂಬಿದ ಮಗುವಿಗೆ ಕಾನೂನಿನ ಹಕ್ಕಿದೆ, ಜಾಗಕ್ಕೆ ಮಾತ್ರ ಕಾಯಬೇಕು. ಡೂಯಿಸ್‌ಬರ್ಗ್ ಇರುವ ನಾರ್ಥ್‌ರೈನ್-ವೆಸ್ಟ್‌ಫಾಲಿಯಾದಲ್ಲಿ ಶಾಲೆಗೆ ಸೇರುವ ಮುಂಚಿನ ಎರಡು ವರ್ಷಕ್ಕೆ ಶುಲ್ಕವಿಲ್ಲ, ಸರ್ಕಾರಿ ಶಾಲೆಗೂ ಇಲ್ಲ.

ರಾಯಚೂರು, ಕೊಪ್ಪಳ, ಬಳ್ಳಾರಿಯವರು ಇನ್ನೆರಡು ವಿಷಯ ನೋಡಲೇಬೇಕು. ಒಂದು, ಜಮೀನು. ಅನಿವಾಸಿಯಾದ ಮೇಲೆ ವಿದೇಶಿ ವಿನಿಮಯದ ಕಾನೂನಾದ ಫೆಮಾ ನಿಯಮದಂತೆ ಕೃಷಿ ಜಮೀನು ಕೊಳ್ಳುವ ಹಾಗಿಲ್ಲ. ಇದ್ದದ್ದನ್ನು ಇಟ್ಟುಕೊಳ್ಳಬಹುದು, ಪಿತ್ರಾರ್ಜಿತವಾಗಿ ಬಂದದ್ದು ಪಡೆಯಬಹುದು. ಅಲ್ಲಿ ದುಡಿದು ಗಂಗಾವತಿ ಕಡೆ ನಾಲ್ಕೆಕರೆ ಗದ್ದೆ ಮಾಡೋಣ ಅನ್ನುವುದೇ ಗುರಿಯಾಗಿದ್ದರೆ, ಆ ಗುರಿ ವಾಪಸು ಬಂದು ನೆಲೆಸಿದ ಮೇಲೆಯೇ.

ಇನ್ನೊಂದು, ಮಕ್ಕಳ ಸೀಟು. ಸಂವಿಧಾನದ 371(ಜೆ) ವಿಧಿ ಕಲ್ಯಾಣ ಕರ್ನಾಟಕದ ನಮಗೆ ಕೊಟ್ಟಿರುವ ಮೀಸಲಾತಿ ದೊಡ್ಡದು, ನಮ್ಮ ಭಾಗದ ಮೆಡಿಕಲ್, ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಸೀಟು ಸಿಗುವುದು ಅದರ ಬಲದಿಂದ. ಆದರೆ ಕೆಇಎ (ರಾಜ್ಯದ ಪರೀಕ್ಷಾ ಪ್ರಾಧಿಕಾರ) ಹಂಚುವ ಸರ್ಕಾರಿ ಸೀಟಿಗೆ ಹೆಚ್ಚಿನವರು ಅರ್ಹರಾಗುವ ನಿಯಮದಲ್ಲಿ ಒಂದನೇ ತರಗತಿಯಿಂದ ದ್ವಿತೀಯ ಪಿಯುಸಿ ತನಕ ಕನಿಷ್ಠ 7 ವರ್ಷ ಕರ್ನಾಟಕದಲ್ಲಿ ಓದಿರಬೇಕು, ಎಸ್ಸೆಸ್ಸೆಲ್ಸಿ ಅಥವಾ ಪಿಯುಸಿ ಇಲ್ಲೇ ಪಾಸಾಗಿರಬೇಕು. ಇದನ್ನು ವಾಪಸಾತಿಯ ವರ್ಷದ ಜೊತೆ ಇಟ್ಟು ಎಣಿಸಬೇಕು. ಮಗು ಮೂರನೇ ತರಗತಿ ಮುಗಿಸಿ ಹೋಗಿ ಎಂಟಕ್ಕೆ ಬಂದು ಸೇರಿದರೆ ಮೊದಲಿನ ಮೂರು, ಆಮೇಲಿನ ಐದು, ಒಟ್ಟು ಎಂಟು ವರ್ಷ, ತೊಂದರೆಯಿಲ್ಲ. ಎರಡನೇ ತರಗತಿ ಮುಗಿಸಿ ಹೋಗಿ ಒಂಬತ್ತಕ್ಕೆ ಬಂದರೆ ಎರಡು, ನಾಲ್ಕು, ಆರು. ಒಂದೇ ವರ್ಷ ಸಾಲದೆ ಆ ನಿಯಮದ ಸೀಟು ತಪ್ಪುತ್ತದೆ. ಅಂಥ ಸಂಸಾರಗಳಿಗೆ ನಾನು ಹೇಳುವುದು, ಕಂಪನಿಯ ಕರಾರನ್ನು ಮಗು ಎಂಟನೇ ತರಗತಿಗೆ ಇಲ್ಲಿ ಸೇರುವ ಜೂನ್‌ಗೆ ಸರಿಯಾಗಿ ಮುಗಿಯುವಂತೆ ಕೇಳಿ ಬರೆಸಿಕೊಳ್ಳಿ.